ಕಾಂಕ್ರೀಟ್ ಕತೆ 4: 'ಬೂದು ಡಬ್ಬ' ಅನ್ನೋ ಮುಂಚೆ

ಅರಮನೆ ಮುಂದೆ ನೂರು ಸೆಲ್ಫಿ ತಗೋತೀರ, ಕಾಂಕ್ರೀಟ್ ಕಟ್ಟಡ ಕಂಡ್ರೆ ಮಾತ್ರ 'ಬೂದು ಡಬ್ಬ' ಅಂತೀರ.

ದೆಹಲಿಯ ಹಾಲ್ ಆಫ್ ನೇಷನ್ಸ್‌ನ ಹಳೇ ಕಪ್ಪು-ಬಿಳುಪು ಫೋಟೊ ಒಂದ್ಸಲ ನೋಡಿ. 78 ಮೀಟರ್ ಅಗಲ, ನಡುವೆ ಒಂದೂ ಕಂಬ ಇಲ್ಲ. ತ್ರಿಕೋನದ ಮೇಲೆ ತ್ರಿಕೋನ, ಸಂದಿಯಿಂದ ಸೋಸಿ ಬರೋ ಬಿಸಿಲು. ವಾಸ್ತುಶಿಲ್ಪಿ ರಾಜ್ ರೇವಾಲ್, ಎಂಜಿನಿಯರ್ ಮಹೇಂದ್ರ ರಾಜ್, 1972. ಕಾರ್ಮಿಕರು ಅಲ್ಲೇ ಅಚ್ಚು ಕಟ್ಟಿ, ಕಾಂಕ್ರೀಟ್ ಸುರಿದು ಎಬ್ಬಿಸಿದ್ದು.

2017ರ ಏಪ್ರಿಲ್‌ನಲ್ಲಿ ರಾತ್ರೋರಾತ್ರಿ ಕೆಡವಿದ್ರು. ಪರಂಪರೆ ಅಂತ ಉಳಿಸ್ಬಹುದಿತ್ತಲ್ವಾ? 60 ವರ್ಷ ಆಗಿಲ್ಲ, ಲೆಕ್ಕಕ್ಕೆ ಬರಲ್ಲ ಅಂದ್ರು. ಅರವತ್ತಾಗೋಕೆ ಬಿಟ್ರೆ ತಾನೇ ಆಗೋದು!

ಕೆಡವೋರಿಗೆ ಧೈರ್ಯ ಕೊಡೋದು ನಮ್ಮ 'ಡಬ್ಬ' ಅನ್ನೋ ಮಾತೇ. ಈಗ ಉಳಿದಿರೋದು ಫೋಟೊ ಮಾತ್ರ. ನಿಮ್ಮೂರಲ್ಲಿ ಅಂಥದ್ದೊಂದು ಇನ್ನೂ ನಿಂತಿದ್ರೆ, ಸಂಜೆ ಓರೆ ಬಿಸಿಲಲ್ಲಿ ಹೋಗಿ ತೆಗೀರಿ. ಫಿಲ್ಟರ್ ಬೇಡ. ಆಮೇಲೆ ಹೇಳಿ, ಅದು ಡಬ್ಬಾನಾ ಅಂತ.