ಏಳದ ಯಂತ್ರಕ್ಕೆ ತರ್ಕವೇ ಮದ್ದು

ಬಿಡಿಭಾಗಗಳನ್ನು ತರಿಸಿ ಮನೆಯಲ್ಲಿಯೇ ಗಣಕಯಂತ್ರವನ್ನು ಜೋಡಿಸುವ ತರುಣ ತರುಣಿಯರು ಈಗ ನಮ್ಮ ಹಳ್ಳಿಗಾಡಿನಲ್ಲಿಯೂ ಇದ್ದಾರೆ. ಕೌಜಲಗಿಯಂಥ ಊರಿನಲ್ಲಿದ್ದುಕೊಂಡೇ ಬೆಂಗಳೂರಿನ ಸಾದರ ಪತ್ರಪ್ಪ ರಸ್ತೆಯ ಅಂಗಡಿಗಳಿಂದ ಸಾಮಾನು ತರಿಸುವುದು ಕಷ್ಟವಲ್ಲ. ಇಂಟೆಲ್ ಸಂಸ್ಥೆಯು ೧೯೯೫ರಲ್ಲಿ ಏಟಿಎಕ್ಸ್ ಎಂಬ ಅಳತೆಯ ನಿಯಮವನ್ನು ಪ್ರಕಟಿಸಿತು. ಅದರಿಂದಾಗಿ ಬೇರೆ ಬೇರೆ ಕಂಪನಿಗಳ ಭಾಗಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಕಷ್ಟವಿರುವುದು, ಎಲ್ಲವನ್ನೂ ಜೋಡಿಸಿ ಗುಂಡಿಯನ್ನು ಒತ್ತಿದಾಗ ಯಂತ್ರವು ಏಳದಿರುವ ಗಳಿಗೆಯಲ್ಲಿ. ಕಬ್ಬಿನ ಬಿಲ್ಲಿನ ಹಣವನ್ನು ತೆಗೆದುಕೊಟ್ಟ ತಂದೆಗೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತೆಂಬ ಸಂಕಟ. ಜೋಡಿಸಿದ ಮಗುವಿಗೆ ಅಳುಕು. ಈ ಗಾಬರಿಯಲ್ಲಿ ಕೆಡದ ಭಾಗವನ್ನೂ ಬದಲಿಸಿ ಮತ್ತಷ್ಟು ಹಣ ಕಳೆದುಕೊಳ್ಳುವವರುಂಟು.

ಇಂಥ ಸಂದರ್ಭಕ್ಕೆ ನಮ್ಮ ತರ್ಕಶಾಸ್ತ್ರದಲ್ಲಿ ಎರಡು ಸಾಧನಗಳಿವೆ. ಒಂದು ಇದ್ದರೆ ಮತ್ತೊಂದು ಇರುವುದು ಅನ್ವಯ. ಅದು ಇಲ್ಲದಿದ್ದರೆ ಇದೂ ಇಲ್ಲದಿರುವುದು ವ್ಯತಿರೇಕ. ಸಾಧ್ಯವಿರುವ ಕಾರಣಗಳನ್ನು ಒಂದೊಂದಾಗಿ ನಿರಾಕರಿಸುತ್ತ ಹೋಗಿ, ಉಳಿದುದನ್ನು ಕಾರಣವೆಂದು ತಿಳಿಯುವುದು ಪರಿಶೇಷ. ಏಳದ ಗಣಕಯಂತ್ರವನ್ನು ಪರೀಕ್ಷಿಸುವ ಮಾರ್ಗವೆಲ್ಲ ಇಷ್ಟರಲ್ಲಿಯೇ ಅಡಗಿದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಬದಲಿಸಿದ್ದನ್ನೂ ಅದರ ಫಲವನ್ನೂ ವಹಿಯಲ್ಲಿ ಬರೆದಿಡಬೇಕು. ಎರಡನ್ನು ಏಕಕಾಲಕ್ಕೆ ಬದಲಿಸಿದವನಿಗೆ ಯಂತ್ರ ಎದ್ದರೂ ಕಾರಣ ತಿಳಿಯದು.

ಮೊದಲ ಪರೀಕ್ಷೆ ಯಂತ್ರದ್ದಲ್ಲ, ಗೋಡೆಯದು. ಅದೇ ಸಾಕೆಟ್ಟಿಗೆ ಬೇರೊಂದು ಉಪಕರಣವನ್ನು ಹಚ್ಚಿ ನೋಡಬೇಕು. ಯಂತ್ರದ ಹಿಂಬದಿಯಲ್ಲಿ ಎಸ್‌ಎಂಪಿಎಸ್‌ಗೆ ಇರುವ ಸಣ್ಣ ಸ್ವಿಚ್ಚನ್ನು ಮರೆಯುವವರು ಬಹಳ. ಮೂರು ಪಿನ್ನಿನ ಸಾಕೆಟ್ಟು ಇದ್ದರೂ ಅರ್ಥಿಂಗ್ ತಂತಿಯೇ ಇಲ್ಲದ ಮನೆಗಳುಂಟು. ಕಬ್ಬಿಣದ ಡಬ್ಬಿಯನ್ನು ಮುಟ್ಟಿದಾಗ ಕೈ ಜುಮ್ಮೆಂದರೆ, ಮುಂದಿನ ಕೆಲಸವನ್ನು ನಿಲ್ಲಿಸಿ ತಿಳಿದ ವೈರಮನ್‌ನಿಂದ ಅದನ್ನು ಸರಿಪಡಿಸಿಕೊಳ್ಳುವುದೇ ವಿವೇಕ.

ಎಸ್‌ಎಂಪಿಎಸ್ ಎಂಬುದು ಮನೆಯ ೨೩೦ ವೋಲ್ಟಿನ ವಿದ್ಯುತ್ತನ್ನು ೧೨, ೫ ಮತ್ತು ೩.೩ ವೋಲ್ಟುಗಳಿಗೆ ಇಳಿಸಿ ಹಂಚುವ ಪೆಟ್ಟಿಗೆ. ಮುಂಭಾಗದ ಗುಂಡಿಯು ವಿದ್ಯುತ್ತನ್ನು ನೇರವಾಗಿ ಹರಿಸುವುದಿಲ್ಲ. ‘ಏಳು’ ಎಂಬ ಸೂಚನೆಯನ್ನಷ್ಟೇ ಮದರ್‌ಬೋರ್ಡಿಗೆ ಕೊಡುತ್ತದೆ. ಯಂತ್ರವು ಮಲಗಿರುವಾಗಲೂ ಅದರೊಳಗೆ ೫ ವೋಲ್ಟು ಹರಿಯುತ್ತಿರುತ್ತದೆ. ಆದುದರಿಂದ ಒಳಗೆ ಕೈ ಹಾಕುವ ಮೊದಲು ಪ್ಲಗ್ಗನ್ನು ಕಿತ್ತಿಡಬೇಕು. ಎಸ್‌ಎಂಪಿಎಸ್ ಪೆಟ್ಟಿಗೆಯನ್ನಂತೂ ಎಂದಿಗೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಬಳಿಕವೂ ಅದರ ಕೆಪ್ಯಾಸಿಟರುಗಳಲ್ಲಿ ಅಪಾಯಕರ ವಿದ್ಯುತ್ತು ಉಳಿದಿರುತ್ತದೆ.

ಇನ್ನು ಲಕ್ಷಣವನ್ನು ಗಮನಿಸಬೇಕು. ಫ್ಯಾನು ಕೂಡ ತಿರುಗದಿದ್ದರೆ ಸಂಶಯವು ವಿದ್ಯುತ್ತಿನ ದಾರಿಯ ಮೇಲೆ. ಮದರ್‌ಬೋರ್ಡಿಗೆ ೨೪ ಪಿನ್ನಿನ ದೊಡ್ಡ ಕೇಬಲ್ ಪೂರ್ತಿ ಕುಳಿತಿದೆಯೇ, ಗುಂಡಿಯ ಎರಡು ತಂತಿಗಳು ಸರಿಯಾದ ಪಿನ್ನುಗಳಲ್ಲಿವೆಯೇ ಎಂದು ಕೈಪಿಡಿಯ ಚಿತ್ರದೊಡನೆ ತಾಳೆ ನೋಡಬೇಕು. ಫ್ಯಾನು ತಿರುಗಿಯೂ ಪರದೆ ಕಪ್ಪಾಗಿದ್ದರೆ ವಿಚಾರ ಬೇರೆ. ಪ್ರೊಸೆಸರಿನ ಬಳಿ ಹಚ್ಚಬೇಕಾದ ೪ ಅಥವಾ ೮ ಪಿನ್ನಿನ ಪ್ರತ್ಯೇಕ ಕೇಬಲ್ಲನ್ನು ಹೊಸಬರು ಮರೆಯುವುದು ಸಾಮಾನ್ಯ. ಇಂಟೆಲ್‌ನ ೧೨೪೦೦ಎಫ್‌ನಂತೆ ಹೆಸರಿನ ಕೊನೆಗೆ ‘ಎಫ್’ ಇರುವ ಪ್ರೊಸೆಸರುಗಳಲ್ಲಿ ಚಿತ್ರ ಮೂಡಿಸುವ ಭಾಗವಿರುವುದಿಲ್ಲ. ಅಲ್ಲಿ ಪರದೆಯ ಕೇಬಲ್ಲನ್ನು ಗ್ರಾಫಿಕ್ಸ್ ಕಾರ್ಡಿಗೇ ಹಚ್ಚಬೇಕು. ಡಿಡಿಆರ್ ೫ ಬಗೆಯ ರ್‍ಯಾಮ್ ಇರುವ ಕೆಲವು ಯಂತ್ರಗಳು ಮೊದಲ ಸಲ ಏಳುವಾಗ ಕೆಲವು ನಿಮಿಷ ಸುಮ್ಮನಿರುವುದುಂಟು. ಅಲ್ಲಿ ತಾಳ್ಮೆಯೇ ಔಷಧ.

ಇಷ್ಟಕ್ಕೂ ಏಳದಿದ್ದರೆ ಪರಿಶೇಷಕ್ಕೆ ಇಳಿಯಬೇಕು. ಮದರ್‌ಬೋರ್ಡನ್ನು ಹೊರತೆಗೆದು ಒಣಗಿದ ರಟ್ಟಿನ ಮೇಲಿರಿಸಿ, ಪ್ರೊಸೆಸರ್, ಅದರ ಫ್ಯಾನು, ಒಂದೇ ಒಂದು ರ್‍ಯಾಮ್, ಎಸ್‌ಎಂಪಿಎಸ್ ಇಷ್ಟನ್ನೇ ಉಳಿಸಬೇಕು. ಪ್ರೊಸೆಸರಿನಲ್ಲಿ ಚಿತ್ರದ ಭಾಗವಿಲ್ಲದಿದ್ದರೆ ಗ್ರಾಫಿಕ್ಸ್ ಕಾರ್ಡೂ ಇರಲಿ. ಹೊರಗೆ ಎದ್ದ ಯಂತ್ರವು ಡಬ್ಬಿಯೊಳಗೆ ಏಳದಿದ್ದರೆ, ಬೋರ್ಡಿನ ಅಡಿಯಲ್ಲಿ ತಪ್ಪು ಜಾಗದಲ್ಲಿ ಕುಳಿತ ಹಿತ್ತಾಳೆಯ ತಿರುಪೊಂದು ಶಾರ್ಟ್ ಮಾಡುತ್ತಿರಬಹುದು. ಹೊರಗೂ ಏಳದಿದ್ದರೆ ರ್‍ಯಾಮನ್ನು ತೆಗೆದು, ಟಕ್ಕೆನ್ನುವಂತೆ ಮರಳಿ ಕೂರಿಸಿ, ಕೈಪಿಡಿ ಹೇಳಿದ ಸ್ಲಾಟಿನಲ್ಲಿ ಒಂದೊಂದನ್ನೇ ಪರೀಕ್ಷಿಸಬೇಕು. ಬೋರ್ಡಿನ ಮೇಲಿರುವ ೩ ವೋಲ್ಟಿನ ಬಿಲ್ಲೆಯಂಥ ಬ್ಯಾಟರಿಯನ್ನು ಕೆಲಹೊತ್ತು ತೆಗೆದಿಟ್ಟರೆ ಹಳೆಯ ಸೆಟ್ಟಿಂಗುಗಳು ಅಳಿಯುತ್ತವೆ. ಬೋರ್ಡು ಹಳೆಯದಾಗಿ ಪ್ರೊಸೆಸರ್ ಹೊಸದಾಗಿದ್ದರೆ, ಬಯೋಸ್ ಎಂಬ ಮೂಲ ತಂತ್ರಾಂಶಕ್ಕೆ ಅದರ ಗುರುತೇ ಇಲ್ಲದಿರಬಹುದು. ಬೀಪ್ ಸದ್ದು ಕೇಳಿದರೆ ಅದನ್ನು ಎಣಿಸಬೇಕು. ಅದರ ಅರ್ಥ ಕಂಪನಿಯಿಂದ ಕಂಪನಿಗೆ ಬೇರೆಯಾದುದರಿಂದ ಆಯಾ ಕೈಪಿಡಿಯೇ ಪ್ರಮಾಣ.

ಕೊನೆಗೆ ಉಳಿದ ಭಾಗವೇ ದೋಷಿಯೆಂದು ಕಂಡರೂ, ಸ್ನೇಹಿತರ ಸುಸ್ಥಿತಿಯ ಯಂತ್ರದಿಂದ ಹೊಂದುವಂಥ ಅದೇ ಭಾಗವನ್ನು ಎರವು ತಂದು ಒಮ್ಮೆ ತಾಳೆ ನೋಡಬೇಕು. ಅದು ಇದ್ದಾಗ ಯಂತ್ರ ಎದ್ದು, ನಮ್ಮದನ್ನು ಮರಳಿ ಹಾಕಿದಾಗ ಏಳದಿದ್ದರೆ ನಿರ್ಣಯವಾಯಿತು. ಬಿಲ್ಲು, ಪೆಟ್ಟಿಗೆ, ವಹಿ ಈ ಮೂರನ್ನೂ ಹಿಡಿದು ಅಂಗಡಿಗೆ ಹೋದವನಿಗೆ ‘ಎಲ್ಲವನ್ನೂ ಬದಲಿಸಬೇಕು’ ಎಂಬ ಮಾತು ಸುಲಭವಾಗಿ ದಾಟದು. ವಾರಂಟಿಯನ್ನು ಕೇಳುವ ಬಾಯಿಯೂ ಗಟ್ಟಿಯಾಗಿರುತ್ತದೆ.

ತಂದೆ ತಾಯಂದಿರಲ್ಲಿ ಒಂದು ಮಾತು. ಯಂತ್ರ ಏಳದ ದಿನ ಮಗುವನ್ನು ಗದರಿಸಿದರೆ ಅದು ದೋಷವನ್ನು ಮುಚ್ಚಿಡಲು ಕಲಿಯುತ್ತದೆ. ಪಕ್ಕದಲ್ಲಿ ಕುಳಿತು ವಹಿಯನ್ನು ಹಿಡಿದು, ‘ಈಗ ಏನನ್ನು ಬದಲಿಸಿದೆ? ಏನಾಯಿತು?’ ಎಂದು ಕೇಳಿದರೆ ಅದು ದೋಷವನ್ನು ಹುಡುಕಲು ಕಲಿಯುತ್ತದೆ. ಗಣಕಯಂತ್ರವು ಕೆಲವು ವರ್ಷಗಳಲ್ಲಿ ಹಳತಾಗುತ್ತದೆ. ಕಾರಣವನ್ನು ಹುಡುಕುವ ಆ ಅಭ್ಯಾಸವು ಪಂಪ್‌ಸೆಟ್ಟಿನ ಬಳಿಯಲ್ಲಿಯೂ, ಕಾಲೇಜಿನ ಪ್ರಯೋಗಶಾಲೆಯಲ್ಲಿಯೂ, ಸಂಸಾರದಲ್ಲಿಯೂ ಕೈ ಹಿಡಿಯುತ್ತದೆ.