ಸದ್ದು ನುಂಗುವ ಡಬ್ಬಿ

ಹೇಮಗುಡ್ಡದ ಕೋಟೆಯ ಕೆಳಗೆ ನಿಂತು ಒಮ್ಮೆ ಜೋರಾಗಿ ಕೂಗಿ ನೋಡಿ. ಬಂಡೆಗಳು ನಿಮ್ಮ ಕೂಗನ್ನು ನಿಮಗೇ ಹಿಂತಿರುಗಿಸುತ್ತವೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಕೂಗಿಗೂ ಪ್ರತಿಧ್ವನಿಗೂ ನಡುವೆ ಸೆಕೆಂಡಿನ ಹತ್ತನೇ ಒಂದು ಭಾಗದಷ್ಟಾದರೂ ಅಂತರವಿದ್ದರೆ ಮಾತ್ರ ನಮ್ಮ ಕಿವಿ ಅವೆರಡನ್ನು ಬೇರೆ ಬೇರೆಯಾಗಿ ಗುರುತಿಸುತ್ತದೆ. ಆದ್ದರಿಂದ ಬಂಡೆ ಕನಿಷ್ಠ 17 ಮೀಟರ್ ದೂರದಲ್ಲಿರಬೇಕು ಎಂದು ಪ್ರೌಢಶಾಲೆಯಲ್ಲಿ ಓದಿದ್ದೀರಿ. ಗ್ರಾನೈಟ್ ಬಂಡೆ ಶಬ್ದವನ್ನು ಹೀರುವುದು ಬಹಳ ಕಡಿಮೆ, ಹೆಚ್ಚು ಕಡಿಮೆ ಪೂರ್ತಿಯಾಗಿ ಮರಳಿಸುತ್ತದೆ. ಮಕ್ಕಳ ಕೂಗು ಮರಳಿದರೆ ಮೋಜು. ಅದೇ ಬಂಡೆಗಳ ನಡುವೆ ರಾತ್ರಿ ಹತ್ತೂವರೆಗೆ ಸೈಲೆನ್ಸರ್ ಬದಲಿಸಿದ ಗಾಡಿಯೊಂದು ಹಾದುಹೋದರೆ ಊರಿಗೆ ಊರೇ ಎದ್ದು ಕೂರುತ್ತದೆ.

ಗಂಗಾವತಿ ಕಡೆಯ ತಂದೆಯೊಬ್ಬರು ಈ ಅಂಕಣಕ್ಕೆ ಪ್ರಶ್ನೆ ಕಳಿಸಿದ್ದಾರೆ. ‘ಮಗ ಡಿಪ್ಲೊಮಾ ಓದಾಕತ್ಯಾನ್ರಿ. ಮನ್ಯಾಗಿನ ಕಾರಿಗೆ ಬ್ಯಾರೆ ಸೈಲೆನ್ಸರ್ ಹಾಕಸ್ತೀನಿ ಅಂತ ಹಟ ಹಿಡದಾನ. ಪಿಕಪ್ ಚಲೋ ಆಗತೈತಿ, ಮೈಲೇಜೂ ಬರತೈತಿ ಅಂತಾನ. ಹೂಂ ಅನ್ನಲೋ, ಬ್ಯಾಡ ಅನ್ನಲೋ?’ ಈ ಪ್ರಶ್ನೆಗೆ ಒಂದೇ ಮಾತಿನ ಉತ್ತರ ಕೊಡಬಹುದು. ಆದರೆ ಬರೀ ‘ಬೇಡ’ ಎಂದರೆ ಹುಡುಗ ಕೇಳುವುದಿಲ್ಲ. ಆ ಡಬ್ಬಿಯ ಒಳಗೆ ಏನು ನಡೆಯುತ್ತದೆಂದು ತಂದೆ ಮಗ ಇಬ್ಬರಿಗೂ ತಿಳಿದರೆ ಮಾತುಕತೆ ಸುಲಭವಾದೀತು.

ಸದ್ದು ಹುಟ್ಟುವುದೆಲ್ಲಿ?

ಇಂಜಿನ್‌ನ ಸಿಲಿಂಡರಿನಲ್ಲಿ ಇಂಧನ ಉರಿದು, ಬಿಸಿ ಅನಿಲ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಆ ಕೆಲಸ ಮುಗಿಯುವ ಹೊತ್ತಿಗೆ ಹೊರದಾರಿಯ ಕವಾಟ ತೆರೆದುಕೊಳ್ಳುತ್ತದೆ. ಆಗಲೂ ಒಳಗಿನ ಒತ್ತಡ ಹೊರಗಿನ ಗಾಳಿಗಿಂತ ಎಷ್ಟೋ ಹೆಚ್ಚು. ಬಿಗಿಯಾಗಿ ಊದಿದ ಬಲೂನಿಗೆ ಸೂಜಿ ಚುಚ್ಚಿದಂತೆ ಅನಿಲ ಹೊರಕ್ಕೆ ಸಿಡಿಯುತ್ತದೆ. ಪ್ರತಿ ಸಿಡಿತವೂ ಒಂದು ಒತ್ತಡದ ಅಲೆ.

ಬುಲೆಟ್ ಗಾಡಿಯನ್ನು ತೆಗೆದುಕೊಳ್ಳಿ. ಅದಕ್ಕಿರುವುದು ಒಂದೇ ಸಿಲಿಂಡರ್. ನಾಲ್ಕು ಹೊಡೆತದ ಇಂಜಿನ್ ಆದ್ದರಿಂದ ಎರಡು ಸುತ್ತಿಗೆ ಒಂದು ಸಿಡಿತ. ನಿಂತಲ್ಲೇ ನಿಮಿಷಕ್ಕೆ 1000 ಸುತ್ತು ತಿರುಗುತ್ತಿದ್ದರೆ 500 ಸಿಡಿತ, ಅಂದರೆ ಸೆಕೆಂಡಿಗೆ ಎಂಟು ಚಿಲ್ಲರೆ. ಮನುಷ್ಯನ ಕಿವಿಗೆ ಸ್ವರವಾಗಿ ಕೇಳಲು ಸೆಕೆಂಡಿಗೆ ಕನಿಷ್ಠ 20 ಕಂಪನ ಬೇಕು. ಹೀಗಾಗಿ ಆ ಸಿಡಿತಗಳು ಒಂದಕ್ಕೊಂದು ಕೂಡಿಕೊಳ್ಳದೆ ‘ಡುಗ್ ಡುಗ್’ ಎಂದು ಬಿಡಿಬಿಡಿಯಾಗಿ ಕೇಳಿಸುತ್ತವೆ. ನಾಲ್ಕು ಸಿಲಿಂಡರಿನ ಕಾರು 3000 ಸುತ್ತಿನಲ್ಲಿ ಓಡುವಾಗ ಸೆಕೆಂಡಿಗೆ 100 ಸಿಡಿತಗಳಾಗುತ್ತವೆ. ಅದು 100 ಹರ್ಟ್ಸ್‌ನ ಗುಂಯ್‌ಗುಡುವಿಕೆ. ಜೊತೆಗೆ ಅದರ ಎರಡರಷ್ಟು, ಮೂರರಷ್ಟು ಆವೃತ್ತಿಯ ಮೇಲುಸ್ವರಗಳೂ ಸೇರಿರುತ್ತವೆ.

ಸದ್ದು ಸಾಯುವುದೆಲ್ಲಿ?

ಅಮೆರಿಕದ ಇಂಡಿಯಾನಾ ರಾಜ್ಯದ ರೀವ್ಸ್ ಸಹೋದರರು ಇಂಜಿನ್ನಿನ ಸದ್ದಡಗಿಸುವ ಸಾಧನಕ್ಕೆ 1897ರಲ್ಲಿ ಪೇಟೆಂಟ್ ಪಡೆದರು. ಅಂದಿನಿಂದ ಇಂದಿನವರೆಗೆ ಸೈಲೆನ್ಸರ್ ಮಾಡುವ ಕೆಲಸವನ್ನು ಮುಖ್ಯವಾಗಿ ಮೂರು ಉಪಾಯಗಳಲ್ಲಿ ಹೇಳಬಹುದು.

ಮೊದಲನೆಯದು, ಅಗಲ ಕೋಣೆ. ಕಿರಿದಾದ ಕೊಳವೆಯಲ್ಲಿ ಬಂದ ಅಲೆ ಒಮ್ಮೆಲೇ ಅಗಲವಾದ ಡಬ್ಬಿಗೆ ಹೊಕ್ಕಾಗ ಅದರ ಒಂದು ಪಾಲು ಇಂಜಿನ್ ಕಡೆಗೇ ತಿರುಗಿ ಹೋಗುತ್ತದೆ. ಡಬ್ಬಿಯಿಂದ ಮತ್ತೆ ಕಿರಿದಾದ ಕೊಳವೆಗೆ ಹೋಗುವಾಗ ಇನ್ನೊಂದು ಪಾಲು ಹಿಂದಿರುಗುತ್ತದೆ. ಹೊರಬಾಗಿಲಿಗೆ ಬರುವುದು ಅಳಿದುಳಿದ ಪಾಲು ಮಾತ್ರ.

ಎರಡನೆಯದು, ಅಲೆಗೆ ಅಲೆಯನ್ನೇ ಎದುರು ಹಾಕುವುದು. ಮುಖ್ಯ ಕೊಳವೆಗೆ ಪಕ್ಕದಲ್ಲಿ ತುದಿ ಮುಚ್ಚಿದ ಇನ್ನೊಂದು ಕೊಳವೆ ಜೋಡಿಸಿ. ಅದರ ಉದ್ದ ತರಂಗದೂರದ ಕಾಲು ಭಾಗವಿರಲಿ. ಅಲೆ ಒಳಗೆ ಹೋಗಲು ಕಾಲು, ಮರಳಲು ಕಾಲು, ಒಟ್ಟು ಅರ್ಧ ತರಂಗದೂರದಷ್ಟು ತಡವಾಗಿ ಬಂದು ಸೇರುತ್ತದೆ. ಆಗ ಒಂದರ ಏರಿಗೆ ಇನ್ನೊಂದರ ಇಳಿತ ಸಿಕ್ಕಿ ಎರಡೂ ಅಳಿಯುತ್ತವೆ. ಇದೇ ವ್ಯತಿಕರಣ. ಸುಮಾರು 400 ಡಿಗ್ರಿ ಸೆಲ್ಸಿಯಸ್ ಬಿಸಿಯ ಅನಿಲದಲ್ಲಿ ಶಬ್ದದ ವೇಗ ಸೆಕೆಂಡಿಗೆ 520 ಮೀಟರ್ ಎಂದು ಹಿಡಿದರೆ, 300 ಹರ್ಟ್ಸ್‌ನ ಸ್ವರವನ್ನು ಕೊಲ್ಲಲು 43 ಸೆಂಟಿಮೀಟರಿನ ಪಕ್ಕದ ಕೊಳವೆ ಸಾಕು. ಆದರೆ 100 ಹರ್ಟ್ಸ್‌ಗೆ 1.3 ಮೀಟರ್ ಬೇಕಾಗುತ್ತದೆ. ಕಾರಿನ ಹೊಟ್ಟೆಯ ಕೆಳಗೆ ಅಷ್ಟು ಜಾಗವೆಲ್ಲಿದೆ? ಅಲ್ಲಿ ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ (1821–1894) ವಿವರಿಸಿದ ಅನುರಣಕ ನೆರವಿಗೆ ಬರುತ್ತದೆ. ಅದು ಸಣ್ಣ ಕತ್ತು, ದೊಡ್ಡ ಹೊಟ್ಟೆಯ ಸೀಸೆಯಂಥ ಕೋಣೆ. ಹೊಟ್ಟೆ ದೊಡ್ಡದಾದಷ್ಟೂ ಅದು ಹಿಡಿಯುವ ಸ್ವರ ತಗ್ಗು.

ಮೂರನೆಯದು, ಹೀರುವುದು. ರಂಧ್ರಗಳಿರುವ ನೇರ ಕೊಳವೆಯ ಸುತ್ತ ಗಾಜಿನ ಉಣ್ಣೆ ತುಂಬಿರುತ್ತಾರೆ. ಅದರ ಎಳೆಗಳ ನಡುವೆ ಗಾಳಿ ತಿಕ್ಕಾಡಿ ಶಬ್ದದ ಶಕ್ತಿ ಶಾಖವಾಗುತ್ತದೆ. ಕೀರಲು ಸ್ವರಗಳಿಗೆ ಇದು ಒಳ್ಳೆಯ ಮದ್ದು, ಗುಂಯ್‌ಗುಡುವ ತಗ್ಗು ಸ್ವರಕ್ಕೆ ಅಷ್ಟಾಗಿ ನಾಟದು.

ಮಾತೃಕೆಗಳನ್ನು ಓದಿ ಏನು ಪ್ರಯೋಜನ ಎಂದು ಪಿಯುಸಿ ಮಕ್ಕಳು ಕೇಳುವುದುಂಟು. ಹಳಬರ ಬಾಯಲ್ಲಿ ‘ಟಾಟಾ ಇನ್‌ಸ್ಟಿಟ್ಯೂಟ್’ ಆಗಿರುವ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಾಧ್ಯಾಪಕರಾಗಿದ್ದ ಎಂ.ಎಲ್. ಮುಂಜಾಲ್ ಅವರು ಸೈಲೆನ್ಸರುಗಳ ಶಬ್ದಶಾಸ್ತ್ರದಲ್ಲಿ ಜಗತ್ತಿಗೇ ಹೆಸರಾದವರು. 1986ರಲ್ಲಿ ಅವರಿಗೆ ಭಟ್ನಾಗರ್ ಪ್ರಶಸ್ತಿ ಬಂತು. ಮರುವರ್ಷ ಹೊರಬಂದ ಅವರ ‘ಅಕೌಸ್ಟಿಕ್ಸ್ ಆಫ್ ಡಕ್ಟ್ಸ್ ಅಂಡ್ ಮಫ್ಲರ್ಸ್’ ಈ ವಿಷಯದ ಆಧಾರಗ್ರಂಥವಾಯಿತು. ಈ ಶಾಸ್ತ್ರದ ಕ್ರಮ ಕೇಳಿ: ಸೈಲೆನ್ಸರಿನ ಪ್ರತಿ ತುಣುಕನ್ನೂ, ಅದು ಕೊಳವೆಯಿರಲಿ ಕೋಣೆಯಿರಲಿ, ಎರಡು ಅಡ್ಡಸಾಲು ಎರಡು ಕಂಬಸಾಲಿನ ಒಂದು ಮಾತೃಕೆಯಾಗಿ ಬರೆಯುತ್ತಾರೆ. ಎಲ್ಲವನ್ನೂ ಕ್ರಮವಾಗಿ ಗುಣಿಸಿದರೆ ಇಡೀ ಸೈಲೆನ್ಸರಿನ ಗುಣ ಕಾಗದದ ಮೇಲೇ ಸಿಗುತ್ತದೆ. ಮಾತೃಕೆಗಳಲ್ಲಿ ಎ ಗುಣಿಸು ಬಿ ಎಂಬುದೂ ಬಿ ಗುಣಿಸು ಎ ಎಂಬುದೂ ಸಾಮಾನ್ಯವಾಗಿ ಒಂದೇ ಅಲ್ಲ ಎಂದು ಓದಿದ್ದೀರಲ್ಲವೇ? ಅದರ ಅರ್ಥ ಇಲ್ಲಿ ಕಣ್ಣಿಗೆ ಕಾಣುತ್ತದೆ. ಅವೇ ತುಣುಕುಗಳನ್ನು ಹಿಂದುಮುಂದು ಜೋಡಿಸಿದರೆ ಸದ್ದೂ ಬೇರೆಯಾಗುತ್ತದೆ. ಕಣ್ಣಳತೆಯಲ್ಲಿ ಕತ್ತರಿಸಿ ಬೆಸುಗೆ ಹಾಕಿದ ಸೈಲೆನ್ಸರ್ ಬೊಬ್ಬೆ ಹೊಡೆಯುವುದು ಇದಕ್ಕೇ.

ಪಿಕಪ್ಪಿನ ಮಾತು

ಹುಡುಗ ಹೇಳಿದ್ದರಲ್ಲಿ ಅರ್ಧ ಸತ್ಯವಿದೆ. ಅನಿಲ ಹೊರಹೋಗುವ ದಾರಿ ಇಕ್ಕಟ್ಟಾದರೆ ಅದನ್ನು ನೂಕಲು ಪಿಸ್ಟನ್ ಒಂದಿಷ್ಟು ಶಕ್ತಿ ಕಳೆಯಬೇಕು. ಇದಕ್ಕೆ ಹಿನ್ನೊತ್ತಡ ಎನ್ನುತ್ತಾರೆ. ದಾರಿ ಸಲೀಸಾದರೆ, ಇಂಜಿನ್ ತುಂಬ ವೇಗವಾಗಿ ತಿರುಗುವಾಗ ಸ್ವಲ್ಪ ಶಕ್ತಿ ಉಳಿಯುತ್ತದೆ. ಆದರೆ ನಮ್ಮ ಊರ ರಸ್ತೆಗಳಲ್ಲಿ ಇಂಜಿನ್ ಆ ವೇಗ ಮುಟ್ಟುವುದೇ ಅಪರೂಪ. ಕೊಳವೆಯನ್ನು ಮಿತಿಮೀರಿ ಅಗಲ ಮಾಡಿದರೆ ಅನಿಲದ ಓಟ ನಿಧಾನವಾಗಿ, ಕಡಿಮೆ ವೇಗದಲ್ಲಿ ಇಂಜಿನ್ನಿನ ಎಳೆತ ತಗ್ಗಲೂಬಹುದು.

ಎರಡು ಹೊಡೆತದ ಇಂಜಿನ್‌ಗಳಲ್ಲಂತೂ ಸೈಲೆನ್ಸರ್ ಇಂಜಿನ್ನಿನದೇ ಒಂದು ಅಂಗ. ಮೈಸೂರಿನಲ್ಲಿದ್ದು 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಬೈಕುಗಳು ನಿಮ್ಮ ತಂದೆಯವರಿಗೆ ನೆನಪಿರಬೇಕು. ಸಿಲಿಂಡರ್ ಒಂದೇ, ಸೈಲೆನ್ಸರ್ ಎರಡು. ಇಂಥ ಇಂಜಿನ್ನಿನಲ್ಲಿ ಹೊರಗಿನಿಂದ ಮರಳುವ ಅಲೆ ಸರಿಯಾದ ಹೊತ್ತಿಗೆ ಬಂದರೆ ಉರಿಯದ ಪೆಟ್ರೋಲನ್ನು ಹೊರಹೋಗದಂತೆ ಒಳಕ್ಕೆ ನೂಕುತ್ತದೆ. ಕೊಳವೆಯ ಅಳತೆ ಕೆಟ್ಟರೆ ಆ ಹೊತ್ತು ತಪ್ಪುತ್ತದೆ.

2020ರ ಏಪ್ರಿಲ್ 1ರಿಂದ ದೇಶದಲ್ಲಿ ಭಾರತ್ ಸ್ಟೇಜ್ 6 ಮಾನದಂಡ ಬಂದ ಮೇಲೆ ಈ ವಿಷಯ ಇನ್ನೂ ಸೂಕ್ಷ್ಮವಾಗಿದೆ. ಪೆಟ್ರೋಲ್ ಕಾರಿನ ಹೊಗೆಯ ದಾರಿಯಲ್ಲಿ ಆಮ್ಲಜನಕ ಅಳೆಯುವ ಸೆನ್ಸರ್ ಇರುತ್ತದೆ. ಅದರ ಮುಂದಿನ ಜೋಡಣೆ ಸಡಿಲವಾಗಿ ಹೊರಗಿನ ಗಾಳಿ ನುಗ್ಗಿದರೆ, ಇಂಧನ ಸಾಲದೆಂದು ಸೆನ್ಸರ್ ತಪ್ಪು ತಿಳಿಯುತ್ತದೆ. ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ. ಮೈಲೇಜ್ ಏರುವ ಬದಲು ಇಳಿಯುತ್ತದೆ. ಅಲ್ಲೇ ಇರುವ ಕ್ಯಾಟಲಿಟಿಕ್ ಕನ್ವರ್ಟರ್ ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಲೋಹಗಳ ನೆರವಿನಿಂದ ವಿಷಾನಿಲ ಕಾರ್ಬನ್ ಮಾನಾಕ್ಸೈಡನ್ನು ಕಾರ್ಬನ್ ಡೈ ಆಕ್ಸೈಡ್ ಆಗಿ ಬದಲಿಸುತ್ತದೆ. ಅದನ್ನು ಕಿತ್ತು ಹಾಕಿದವರು ಓಣಿಯ ಮಕ್ಕಳ ಮೂಗಿಗೆ ವಿಷ ಬಿಟ್ಟಂತೆ.

ಇಪ್ಪತ್ತು ಡೆಸಿಬೆಲ್ ಎಂದರೆ ಎಷ್ಟು?

2005ರಲ್ಲಿ ಜಾರಿಗೆ ಬಂದ ಮಿತಿಯ ಪ್ರಕಾರ ಹೊಸ ಕಾರಿನ ಸದ್ದು 74 ಡೆಸಿಬೆಲ್, 175 ಸಿಸಿ ಮೀರಿದ ಬೈಕಿನದು 80 ಡೆಸಿಬೆಲ್ ದಾಟಬಾರದು. ಅಳೆಯುವುದು 7.5 ಮೀಟರ್ ದೂರದಿಂದ. ಸೈಲೆನ್ಸರ್ ಕೆಡಿಸಿದ ಬೈಕು 100 ಡೆಸಿಬೆಲ್ ಮುಟ್ಟಿತೆಂದು ಇಟ್ಟುಕೊಳ್ಳೋಣ. ಹೆಚ್ಚಾದದ್ದು ಇಪ್ಪತ್ತೇ ಅಲ್ಲವೇ ಎನ್ನಬೇಡಿ. ಡೆಸಿಬೆಲ್ ಲಾಗರಿದಮ್ಮಿನ ಲೆಕ್ಕ. ಪ್ರತಿ 10ಕ್ಕೆ ಶಬ್ದದ ತೀವ್ರತೆ ಹತ್ತು ಪಟ್ಟು. ಇಪ್ಪತ್ತು ಹೆಚ್ಚಾದರೆ ನೂರು ಪಟ್ಟು. ಸದ್ದಡಗಿದ ನೂರು ಬೈಕುಗಳು ಮಾಡುವ ಸದ್ದನ್ನು ಒಂದೇ ಬೈಕು ಮಾಡುತ್ತದೆ.

ಬಯಲಿನಲ್ಲಿ ದೂರ ಎರಡರಷ್ಟಾದಂತೆ ಸದ್ದು 6 ಡೆಸಿಬೆಲ್ ಇಳಿಯುತ್ತದೆ. 7.5, 15, 30 ಎಂದು ಏಳು ಸಲ ಇಮ್ಮಡಿಸಿದರೆ 960 ಮೀಟರ್, ಇಳಿಕೆ 42. ಅಷ್ಟು ದೂರದಲ್ಲಿ ನೆಟ್ಟಗಿರುವ ಬೈಕಿನ ಸದ್ದು 38, ಕೆಡಿಸಿದ್ದರ ಸದ್ದು 58. ಗೋಡೆ, ಗಿಡಮರ ಒಂದಿಷ್ಟು ತಡೆದಾವು, ಬಂಡೆಗಳು ಒಂದಿಷ್ಟು ಮರಳಿಸಿಯಾವು. 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ರಾತ್ರಿ ಹತ್ತರ ನಂತರ ಇಟ್ಟ ಸರಾಸರಿ ಮಿತಿ 45. ಸುಮಾರು ಒಂದು ಕಿಲೋಮೀಟರ್ ಆಚೆ ಮಲಗಿದ ಹಸುಗೂಸು, ಎದೆನೋವಿನ ಅಜ್ಜ, ಬೆಳಿಗ್ಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಹೋಗಬೇಕಾದ ಹುಡುಗಿ, ಇವರು ಯಾರೂ ಆ ಸವಾರನಿಗೆ ಕಾಣುವುದಿಲ್ಲ.

ಸವಾರನ ಕಿವಿಯ ಗತಿ? 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆ ಮೀರಿ ಇರಬಾರದು, 3 ಡೆಸಿಬೆಲ್ ಏರಿದಂತೆ ಆ ಹೊತ್ತು ಅರ್ಧವಾಗಬೇಕು ಎನ್ನುತ್ತದೆ ಅಮೆರಿಕದ ವೃತ್ತಿಸುರಕ್ಷತೆಯ ಸಂಶೋಧನಾ ಸಂಸ್ಥೆ. ಆ ಲೆಕ್ಕದಲ್ಲಿ 100 ಡೆಸಿಬೆಲ್‌ಗೆ ಸಿಗುವುದು ಹದಿನೈದೇ ನಿಮಿಷ. ಒಳಗಿವಿಯ ರೋಮಕೋಶಗಳು ಒಮ್ಮೆ ಸತ್ತರೆ ಮನುಷ್ಯರಲ್ಲಿ ಮತ್ತೆ ಹುಟ್ಟುವುದಿಲ್ಲ.

ಹಾಗಾದರೆ ಏನು ಮಾಡಬಹುದು?

ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ, ಅನುಮತಿಯಿಲ್ಲದ ಪ್ರತಿ ಮಾರ್ಪಾಟಿಗೆ ಮಾಲೀಕನಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆಮನೆ, ಇಲ್ಲವೇ ಎರಡನ್ನೂ ಇಟ್ಟಿತು. ಶಬ್ದ ಮತ್ತು ಹೊಗೆಯ ಮಿತಿ ಮೀರಿದರೆ ದಂಡ 10,000 ರೂಪಾಯಿವರೆಗೆ. ಕಾರು ತಂದೆಯ ಹೆಸರಿನಲ್ಲಿದ್ದರೆ ಮಾಲೀಕನೆಂದು ಉತ್ತರ ಕೊಡಬೇಕಾದವರು ತಂದೆಯೇ. ಆದ್ದರಿಂದ ಮೊದಲ ಮಾತು: ಕಾರು ತಯಾರಿಸಿದ ಕಂಪನಿ ಅದೇ ಮಾದರಿಗೆ ಒಪ್ಪಿದ ಬಿಡಿಭಾಗ ಮಾತ್ರ ಇರಲಿ, ಅದಕ್ಕಿಂತ ಬೇರೆ ಏನೇ ಆದರೂ ಆರ್‌ಟಿಓ ಕಚೇರಿಯಲ್ಲಿ ಕೇಳದೆ ಗ್ಯಾರೇಜಿಗೆ ಹೋಗಬೇಡಿ. ಎರಡನೆಯದು: ಕನ್ವರ್ಟರ್ ಮತ್ತು ಸೆನ್ಸರ್ ಇರುವ ಮುಂಭಾಗವನ್ನು ಮುಟ್ಟಲೇಬಾರದು. ಮೂರನೆಯದು: ಅನಿಲ ಸಲೀಸಾಗಿ ಹೋಗಿ ಸದ್ದೂ ಅಡಗಬೇಕಾದರೆ ಡಬ್ಬಿ ಚಿಕ್ಕದಾಗಬಾರದು. ಬಾಗುಗಳು ಸುಕ್ಕಿಲ್ಲದೆ ನುಣ್ಣಗಿರಬೇಕು. ಉಣ್ಣೆ ತುಂಬಿದ ನೇರ ಕೊಳವೆಯ ಜೊತೆಗೆ ಗುಂಯ್‌ಗುಡುವ ಸ್ವರಕ್ಕೆ ಅನುರಣಕವೂ ಇರಬೇಕು.

ಹಳೆಯ ಕಾರಾದರೆ ಇನ್ನೂ ಅಗ್ಗದ ದಾರಿಯಿದೆ. ಒಂದು ಕಿಲೋ ಪೆಟ್ರೋಲ್ ಉರಿದರೆ ಸುಮಾರು 1.4 ಕಿಲೋ ನೀರು ಹುಟ್ಟುತ್ತದೆ. ಹತ್ತಿರದ ಓಡಾಟದಲ್ಲಿ ಸೈಲೆನ್ಸರ್ ಪೂರ್ತಿ ಕಾಯದೆ ಆ ನೀರು ಒಳಗೇ ನಿಂತು ತುಕ್ಕು ಹಿಡಿಸುತ್ತದೆ. ತೂತು ಬಿದ್ದ ಡಬ್ಬಿ, ಸುಟ್ಟ ಗ್ಯಾಸ್ಕೆಟ್, ಹರಿದ ರಬ್ಬರ್ ತೂಗುಪಟ್ಟಿಗಳನ್ನು ಬದಲಿಸಿದರೆ ಸದ್ದು ಇಳಿಯುತ್ತದೆ, ಎಳೆತವೂ ಸುಧಾರಿಸಬಹುದು. ಹುಡುಗನ ಆಸೆಯನ್ನು ಬೈದು ಮುಚ್ಚಬೇಡಿ. ಡಬ್ಬಿಯ ಒಳಗೇನಿದೆ ಎಂಬ ಕುತೂಹಲವೇ ಎಂಜಿನಿಯರನನ್ನು ಮಾಡುವುದು. ಕೆಟ್ಟ ಸೈಲೆನ್ಸರ್ ಒಂದನ್ನು ಗುಜರಿಯಿಂದ ತಂದುಕೊಟ್ಟು, ಕೊಯ್ಸಿ ನೋಡೆನ್ನಿ.

ಮಾಡಿ ನೋಡಿ

1. ನಲ್ಲಿಯ ಕೆಳಗೆ ಖಾಲಿ ಕೊಡ ಇಡಿ. ತುಂಬುತ್ತಾ ಹೋದಂತೆ ಸ್ವರ ಏರುವುದನ್ನು ಕೇಳಿ. ಒಳಗಿನ ಗಾಳಿಯ ಜಾಗ ಕಿರಿದಾದಂತೆ ಅದು ಅನುರಣಿಸುವ ಆವೃತ್ತಿ ಹೆಚ್ಚುತ್ತದೆ. ಸೈಲೆನ್ಸರಿನ ಅನುರಣಕದ ತತ್ವವೂ ಇದೇ.

2. ತಲಾ 80 ಡೆಸಿಬೆಲ್ ಸದ್ದಿನ ಎರಡು ಬೈಕುಗಳು ಒಟ್ಟಿಗೆ ನಿಂತರೆ ಒಟ್ಟು ಸದ್ದು ಎಷ್ಟು? 160 ಎಂದು ಬರೆದವರು ಲಾಗರಿದಮ್ ಕೋಷ್ಟಕ ತೆರೆಯಿರಿ. ಉತ್ತರ 83. ಏಕೆಂದು ಮನೆಯವರಿಗೆ ವಿವರಿಸಿ.