ಗೋದಲಿಯೂ ಆಲೆಮನೆಯೂ

ಡಿಸೆಂಬರ್ ತಿಂಗಳೆಂದರೆ ನಮ್ಮ ಸೀಮೆಗೆ ಸುಗ್ಗಿಯ ಕಾಲ. ಸಿಂಧಘಟ್ಟದ ಸುತ್ತಮುತ್ತಣ ಹೊಲಗಳಲ್ಲಿ ರಾಗಿಯ ಕುಯ್ಲು ಮುಗಿದು ಮೆದೆಗಳು ಎದ್ದಿರುತ್ತವೆ. ಪಾಂಡವಪುರ, ಶ್ರೀರಂಗಪಟ್ಟಣಗಳ ನಾಲೆ ಬಯಲಿನಲ್ಲಿ ಭತ್ತದ ಒಕ್ಕಣೆ ಸಾಗಿರುತ್ತದೆ. ಆಲೆಮನೆಗಳಿಂದ ಬೆಲ್ಲದ ಪರಿಮಳ ಹೊತ್ತ ಹೊಗೆ ಏಳುತ್ತಿರುತ್ತದೆ. ಇದೇ ವೇಳೆಗೆ ಪೇಟೆಯ ಅಂಗಡಿಗಳ ಮುಂದೆ ಕಾಗದದ ನಕ್ಷತ್ರಗಳೂ ಕೆಂಪು ಟೋಪಿಗಳೂ ತೂಗಾಡತೊಡಗುತ್ತವೆ. ಕಥೋಲಿಕರು ಬೆರಳೆಣಿಕೆಯಷ್ಟಿರುವ ಊರುಗಳಲ್ಲಿಯೂ ಬೇಕರಿಯವರು ಕೇಕಿಗೆ ಮುಂಗಡ ಪಡೆಯುತ್ತಾರೆ. ಶಾಲೆಗಳಲ್ಲಿ ಸಾಂತಾಕ್ಲಾಸ್ ವೇಷಧಾರಿ ಮಿಠಾಯಿ ಹಂಚುತ್ತಾನೆ. ಇದನ್ನು ಕಂಡು ನಮ್ಮಲ್ಲಿ ಕೆಲವರು ಹಿಗ್ಗುತ್ತಾರೆ, ಕೆಲವರು ಕುಗ್ಗುತ್ತಾರೆ. ನಮ್ಮ ಹಬ್ಬ ಎಲ್ಲರ ಹಬ್ಬವಾಯಿತೆಂಬುದು ಮೊದಲಿನವರ ಸಂತೋಷ. ಹಬ್ಬದೊಳಗಿಂದ ಕ್ರಿಸ್ತರೇ ಕಾಣೆಯಾದರೆಂಬುದು ಎರಡನೆಯವರ ಅಳಲು.

ಮೊದಲಿಗೆ ವರ್ತಕರನ್ನು ದೂರುವ ಅಭ್ಯಾಸವನ್ನು ಬಿಡೋಣ. ವರ್ತಕನು ಯುಗಾದಿಗೆ ಬಟ್ಟೆಯನ್ನೂ ಸಂಕ್ರಾಂತಿಗೆ ಎಳ್ಳುಬೆಲ್ಲವನ್ನೂ ಮಾರುವಂತೆಯೇ ಕ್ರಿಸ್ಮಸ್ಸಿಗೆ ನಕ್ಷತ್ರವನ್ನು ಮಾರುತ್ತಾನೆ. ಅದರಲ್ಲಿ ದೋಷವಿಲ್ಲ. ದೇವರು ಮಾನವ ದೇಹವನ್ನು ಧರಿಸಿ ಬಂದರೆಂದು ನಂಬುವ ನಾವು ಅನ್ನ, ಬೆಳಕು, ಬಟ್ಟೆ, ಹಾಡುಗಳನ್ನು ಕೀಳೆಂದು ಹೇಳಲಾಗದು. ದೈವಕೃಪೆಯು ಮಾನವ ಸ್ವಭಾವವನ್ನು ನಾಶಮಾಡದೆ ಪೂರ್ಣತೆಗೆ ಒಯ್ಯುತ್ತದೆ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆಯ ತಿರುಳು. ಆದ್ದರಿಂದ ಪ್ರಶ್ನೆ ಇರುವುದು ಕೇಕಿನಲ್ಲಲ್ಲ. ಸಾಧನಗಳೆಲ್ಲ ಮನೆಗೆ ಬಂದ ಮೇಲೆ ಅವು ಯಾವ ಗುರಿಗಾಗಿ ಬಂದವೆಂಬುದನ್ನು ನಾವು ಮರೆತೆವೇ ಎಂಬುದೇ ಪ್ರಶ್ನೆ.

ಸಾಂತಾಕ್ಲಾಸನ ಮೂಲವನ್ನೇ ನೋಡೋಣ. ಇಂದಿನ ತುರ್ಕಿ ದೇಶಕ್ಕೆ ಸೇರಿದ ಮೀರಾ ಪಟ್ಟಣದಲ್ಲಿ 4ನೆಯ ಶತಮಾನದಲ್ಲಿ ಧರ್ಮಾಧ್ಯಕ್ಷರಾಗಿದ್ದ ಸಂತ ನಿಕೋಲಾಸರೇ ಆ ಮೂಲಪುರುಷರು. ಅವರ ಬಗೆಗಿನ ಪ್ರಸಿದ್ಧ ಐತಿಹ್ಯ ಹೀಗಿದೆ: ವರದಕ್ಷಿಣೆ ಕೊಡಲಾರದ ಬಡ ತಂದೆಯೊಬ್ಬನಿಗೆ ಮೂವರು ಹೆಣ್ಣುಮಕ್ಕಳಿದ್ದರು. ಅವರು ಬೀದಿಪಾಲಾಗುವುದನ್ನು ತಪ್ಪಿಸಲು ನಿಕೋಲಾಸರು ರಾತ್ರಿಯ ವೇಳೆ ಯಾರಿಗೂ ಕಾಣದಂತೆ ಆ ಮನೆಯೊಳಕ್ಕೆ ಹೊನ್ನಿನ ಗಂಟನ್ನು ಎಸೆದರು. ಅಂದರೆ, ಇಂದು ಮಿಠಾಯಿ ಹಂಚುವ ಕೆಂಪಂಗಿಯ ಅಜ್ಜನ ಹಿಂದೆ ಹೆಣ್ಣುಮಕ್ಕಳ ಬಾಳನ್ನು ಉಳಿಸಿದ ಸಂತರೊಬ್ಬರಿದ್ದಾರೆ. ನಮಗೆ ಅಂಗಿ ಉಳಿದಿದೆ, ಸಂತರು ಮರೆತುಹೋಗಿದ್ದಾರೆ.

ಗೋದಲಿಯ ಕಥೆಯೂ ಹೀಗೆಯೇ. 1223ರ ಕ್ರಿಸ್ಮಸ್ ರಾತ್ರಿ ಇಟಲಿಯ ಗ್ರೆಚ್ಚೊ ಎಂಬ ಊರಿನಲ್ಲಿ ಅಸ್ಸಿಸಿಯ ಸಂತ ಫ್ರಾನ್ಸಿಸರು ಹುಲ್ಲು ತುಂಬಿದ ಗೋದಲಿಯನ್ನು ಇರಿಸಿ, ಎತ್ತನ್ನೂ ಕತ್ತೆಯನ್ನೂ ತರಿಸಿ, ಅಲ್ಲಿಯೇ ಬಲಿಪೂಜೆ ನಡೆಯುವಂತೆ ಮಾಡಿದರು. ದೇವಪುತ್ರರು ಹುಟ್ಟಿದಾಗ ಅನುಭವಿಸಿದ ಬಡತನವನ್ನು ಜನರು ಕಣ್ಣಾರೆ ಕಾಣಲೆಂಬುದು ಅವರ ಹಂಬಲವಾಗಿತ್ತು. ಗೋದಲಿಯೆಂದರೆ ದನಗಳ ಮೇವಿನ ತೊಟ್ಟಿಯೆಂಬುದನ್ನು ನಮ್ಮ ರೈತಾಪಿ ಜನರಿಗೆ ಯಾರೂ ವಿವರಿಸಬೇಕಾಗಿಲ್ಲ. ಆದರೆ ಇಂದು ಧರ್ಮಕೇಂದ್ರಗಳಲ್ಲಿ ಗೋದಲಿ ಸ್ಪರ್ಧೆಗಳನ್ನು ಏರ್ಪಡಿಸಿ, ಕಾರಂಜಿ ಯಾವುದು ಎತ್ತರ, ದೀಪ ಯಾವುದು ಹೆಚ್ಚೆಂದು ಅಂಕ ನೀಡುವ ಗುರುಗಳಾದ ನಾವೂ ಈ ತಪ್ಪಿನಲ್ಲಿ ಪಾಲುದಾರರೇ ಆಗಿದ್ದೇವೆ.

ಹಾಗಾದರೆ ವಿಶ್ವಾಸವು ಹಬ್ಬದ ಯಾವ ಭಾಗದಿಂದ ಜಾರಿಹೋಯಿತು? ಪಂಚಾಂಗವನ್ನು ಗಮನಿಸಿದರೆ ಉತ್ತರ ದೊರೆಯುತ್ತದೆ. ಪೇಟೆಯ ಕ್ರಿಸ್ಮಸ್ ಡಿಸೆಂಬರ್ ಆರಂಭದಲ್ಲಿಯೇ ತೊಡಗಿ 25ರ ರಾತ್ರಿ ಮುಗಿದು, ಮರುದಿನದಿಂದ ಹೊಸ ವರ್ಷದ ಮಾರಾಟಕ್ಕೆ ಎಡೆಮಾಡಿಕೊಡುತ್ತದೆ. ಧರ್ಮಸಭೆಯ ಕ್ರಿಸ್ಮಸ್ ಇದಕ್ಕೆ ತಿರುವುಮುರುವು. ಅದು 24ರ ಸಂಜೆ ಆರಂಭವಾಗಿ, ಜನವರಿಯಲ್ಲಿ ಬರುವ ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಮುಂದುವರಿಯುತ್ತದೆ. ಅದಕ್ಕೆ ಮೊದಲು ನಾಲ್ಕು ಭಾನುವಾರಗಳ ಆಗಮನ ಕಾಲವಿದೆ. ಅದು ಕಾಯುವ ಕಾಲ, ಮನಸ್ಸನ್ನು ಹದಗೊಳಿಸುವ ಕಾಲ. ಪೇಟೆಯ ಲೆಕ್ಕಕ್ಕೆ ನಾವು ಹೊಂದಿಕೊಂಡಾಗ ಎರಡನ್ನೂ ಕಳೆದುಕೊಂಡೆವು. ಮೊದಲಿನ ಕಾಯುವಿಕೆ ಹೋಯಿತು. ನಂತರದ ಧ್ಯಾನವೂ ಹೋಯಿತು. ಉಳಿದದ್ದು ನಡುವಿನ ಒಂದು ಊಟ.

ಕಳೆದುಹೋದ ಆ ದಿನಗಳಲ್ಲಿ ಒಂದನ್ನು ಇಲ್ಲಿ ವಿಶೇಷವಾಗಿ ನೆನೆಯಬೇಕು. ಡಿಸೆಂಬರ್ 28ರಂದು ಧರ್ಮಸಭೆಯು ಹೆರೋದನ ಆಜ್ಞೆಯಿಂದ ಕೊಲೆಯಾದ ಬೆತ್ಲೆಹೇಮಿನ ಮುಗ್ಧ ಶಿಶುಗಳನ್ನು ಸ್ಮರಿಸುತ್ತದೆ. ಆ ದಿನ ಭಾನುವಾರ ಬಂದರೆ ಪವಿತ್ರ ಕುಟುಂಬದ ಹಬ್ಬವು ಅದರ ಸ್ಥಾನವನ್ನು ಪಡೆಯುತ್ತದೆ. ಶಿಶುವಿನ ಜನನವನ್ನು ಕೊಂಡಾಡಿದ ಮೂರೇ ದಿನಗಳಲ್ಲಿ ಶಿಶುಗಳ ಮರಣವನ್ನು ನಮ್ಮ ಮುಂದಿಡುವ ಈ ಪಂಚಾಂಗ ಕಠೋರವೆನಿಸಬಹುದು. ಆದರೆ ಅದರಲ್ಲಿ ಸತ್ಯವಿದೆ, ಅದೂ ನಮ್ಮ ಜಿಲ್ಲೆಗೇ ಅನ್ವಯಿಸುವ ಸತ್ಯ.

2023ರ ನವೆಂಬರಿನಲ್ಲಿ ಹೊರಬಿದ್ದ ಸಂಗತಿಯನ್ನು ಯಾರು ಮರೆತಾರು? ಮಂಡ್ಯ ತಾಲ್ಲೂಕಿನ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಯಂತ್ರವನ್ನಿಟ್ಟು, ಗರ್ಭದಲ್ಲಿರುವುದು ಹೆಣ್ಣೋ ಗಂಡೋ ಎಂದು ಪತ್ತೆಹಚ್ಚಿ, ಹೆಣ್ಣಾದರೆ ಅಳಿಸಿಹಾಕುವ ಜಾಲವನ್ನು ಬೆಂಗಳೂರಿನ ಪೊಲೀಸರು ಭೇದಿಸಿದರು. ಹೀಗೆ ಅಳಿದುಹೋದ ಭ್ರೂಣಗಳು ನೂರಾರೆಂದು ಪತ್ರಿಕೆಗಳು ವರದಿಮಾಡಿದವು; ತನಿಖೆಯನ್ನು ಸಿಐಡಿಗೆ ಒಪ್ಪಿಸಲಾಯಿತು. ಮರುವರ್ಷವೇ, 2024ರ ಮೇ ತಿಂಗಳಲ್ಲಿ, ಅದೇ ಬಗೆಯ ಕೃತ್ಯದ ಆರೋಪ ಪಾಂಡವಪುರದಿಂದಲೂ ಕೇಳಿಬಂದಿತು. ಲಿಂಗ ಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ರಚಿತವಾಗಿದೆ. ಕಾನೂನಿದ್ದರೂ ಹೀಗಾಗುವುದಾದರೆ ರೋಗವಿರುವುದು ಮನೆಯೊಳಗಿನ ಮನಸ್ಸಿನಲ್ಲಿ.

ಆಲೆಮನೆ ನಮ್ಮ ನಾಡಿನ ಸಿಹಿಯ ತವರು. ದಾರಿಹೋಕನಿಗೂ ಕಬ್ಬಿನ ಹಾಲು ಕೊಟ್ಟು ಕಳುಹಿಸುವುದು ಅಲ್ಲಿಯ ಸಂಪ್ರದಾಯ. ಅಂಥ ಸ್ಥಳದಲ್ಲಿ ಹುಟ್ಟಬೇಕಾದ ಕೂಸಿಗೆ ಎಡೆಯಿಲ್ಲವೆಂದು ತೀರ್ಮಾನಿಸಲಾಯಿತು. ಛತ್ರದಲ್ಲಿ ಸ್ಥಳ ದೊರೆಯದ ತಾಯಿಯ ಕೂಸಿಗೆ ಗೋದಲಿಯೇ ತೊಟ್ಟಿಲಾಯಿತೆಂದು ಸಂತ ಲೂಕರ ಶುಭಸಂದೇಶ ತಿಳಿಸುತ್ತದೆ. ದನದ ಕೊಟ್ಟಿಗೆ ತೋರಿದ ಕರುಣೆಯನ್ನು ನಮ್ಮ ಆಲೆಮನೆ ತೋರಲಿಲ್ಲ. ಇದು ಅನ್ಯರ ಪಾಪ, ನಮ್ಮದಲ್ಲವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಆದರೆ ಎರಡನೆಯದೂ ಹೆಣ್ಣಾದಾಗ ನಮ್ಮ ಕಥೋಲಿಕ ಮನೆಗಳಲ್ಲಿ ಮುಖಗಳು ಬಾಡುವುದಿಲ್ಲವೇ? ಬಾಣಂತಿಯನ್ನು ನೋಡಲು ಬಂದವರು, ಹೋಗಲಿ ಬಿಡಮ್ಮ, ಮುಂದಿನದು ಗಂಡಾಗಲೆಂದು ಸಮಾಧಾನ ಹೇಳುವುದಿಲ್ಲವೇ? ಚರ್ಚಿನಲ್ಲಿ ಆಶೀರ್ವಾದ ಪಡೆಯುವ ಮದುವೆಗಳ ಹಿಂದೆ ವರದಕ್ಷಿಣೆಯ ಮಾತುಕತೆ ನಡೆಯುವುದಿಲ್ಲವೇ?

ನಮ್ಮ ನೆಲದ ವಿಶ್ವಾಸ ಎಂದೂ ಬರಿಯ ಅಲಂಕಾರವಾಗಿರಲಿಲ್ಲ. 1799ರಲ್ಲಿ ಶ್ರೀರಂಗಪಟ್ಟಣ ಪತನವಾದ ತರುವಾಯ ಚದುರಿಹೋಗಿದ್ದ ಕ್ರೈಸ್ತರನ್ನು ಒಗ್ಗೂಡಿಸಲು ಬಂದ ಫ್ರೆಂಚ್ ಗುರು ಅಬ್ಬೆ ದುಬುವಾ ಅವರನ್ನು ಜನರು ದೊಡ್ಡಸ್ವಾಮಿಯವರೆಂದು ಕರೆದರು. ಅವರು ಪೂಜೆ, ಜಪಗಳಿಗಷ್ಟೇ ತೃಪ್ತರಾಗಲಿಲ್ಲ. ನಿರ್ಗತಿಕರಿಗಾಗಿ ಬೇಸಾಯದ ನೆಲೆಗಳನ್ನು ಕಟ್ಟಿದರು. ಸಿಡುಬು ಮಕ್ಕಳನ್ನು ಕೊಂಡೊಯ್ಯುತ್ತಿದ್ದ ಆ ಕಾಲದಲ್ಲಿ, ಮೈಲಿ ಹಾಕಿಸುವುದಕ್ಕೆ ಜನ ಅಂಜುತ್ತಿದ್ದಾಗ, ಊರೂರಿನಲ್ಲಿ ಅದನ್ನು ಪ್ರಚಾರಪಡಿಸಿದರು. ಬೆತ್ಲೆಹೇಮಿನ ಶಿಶುವನ್ನು ಆರಾಧಿಸುವುದೆಂದರೆ ನೆರೆಮನೆಯ ಶಿಶುವನ್ನು ಬದುಕಿಸುವುದೆಂಬ ಅರ್ಥ ಅವರ ಕಾರ್ಯದಲ್ಲಿತ್ತು.

ಆದುದರಿಂದ ಹಬ್ಬದ ಖರ್ಚನ್ನು ಕಡಿತಗೊಳಿಸಿರೆಂದು ನಾವು ಹೇಳುವುದಿಲ್ಲ. ಹಬ್ಬದ ಅಳತೆಯನ್ನು ಸರಿಪಡಿಸೋಣವೆನ್ನುತ್ತೇವೆ. ಮನೆಯ ಗೋದಲಿಯನ್ನು 24ರ ರಾತ್ರಿಯವರೆಗೂ ಬರಿದಾಗಿಡೋಣ. ಏಕೆ ಬರಿದೆಂದು ಮಕ್ಕಳು ಕೇಳಲಿ, ಹಿರಿಯರು ಕುಳಿತು ಕಥೆ ಹೇಳಲಿ. ಆಗಮನ ಕಾಲದಲ್ಲಿ ಪಾಪನಿವೇದನೆಗೆ ಒಂದು ಸಂಜೆಯನ್ನು ಮೀಸಲಿಡೋಣ. 28ರಂದು ಒಂದು ಮೇಣದಬತ್ತಿ ಹಚ್ಚಿ, ಹುಟ್ಟದೆಯೇ ಹೋದ ಹೆಣ್ಣುಮಕ್ಕಳಿಗಾಗಿ ಪ್ರಾರ್ಥಿಸೋಣ. ಈ ವರ್ಷ ಊರಿನಲ್ಲಿ ಯಾರ ಮನೆಯಲ್ಲಿ ಹೆಣ್ಣುಕೂಸು ಹುಟ್ಟಿದೆಯೋ, ಅವರು ಯಾವ ಮತದವರೇ ಆಗಿರಲಿ, ಮೊದಲ ಕೇಕಿನ ತಟ್ಟೆ ಆ ಮನೆಗೆ ಹೋಗಲಿ. ಮಗನ ಮದುವೆಗೆ ಹೆಣ್ಣು ನೋಡುತ್ತಿರುವವರು ಗೋದಲಿಯ ಮುಂದೆ ನಿಂತು, ವರದಕ್ಷಿಣೆ ಕೇಳುವುದಿಲ್ಲವೆಂದು ಮನಸ್ಸಿನಲ್ಲಿಯೇ ಮಾತು ಕೊಡಲಿ. ಸಂತ ನಿಕೋಲಾಸರಿಗೆ ಇದಕ್ಕಿಂತ ದೊಡ್ಡ ಗೌರವವಿಲ್ಲ.

ನಕ್ಷತ್ರವನ್ನು ಯಾರು ಬೇಕಾದರೂ ತೂಗುಹಾಕಲಿ, ನಮಗೆ ಸಂತೋಷವೇ. ಆದರೆ ಅದು ಯಾವ ಮನೆಯ ಮೇಲೆ ಬಂದು ನಿಂತಿತು, ಅಲ್ಲಿ ಯಾರಿದ್ದರು ಎಂಬುದನ್ನು ನೆರೆಯವರಿಗೆ ತಿಳಿಸಬೇಕಾದವರು ನಾವು. ಆ ಮನೆಯಲ್ಲಿದ್ದುದು ಒಂದು ಕೂಸು. ಅದಕ್ಕೆ ಎಡೆಮಾಡಿಕೊಟ್ಟಲ್ಲಿ ಕ್ರಿಸ್ತಜಯಂತಿ ನಡೆದಂತೆ. ಇಲ್ಲವಾದರೆ ದೀಪಗಳೆಷ್ಟು ಉರಿದರೂ ಛತ್ರದ ಬಾಗಿಲು ಇನ್ನೂ ಮುಚ್ಚಿಯೇ ಇದೆ. ಎಲ್ಲ ಕುಟುಂಬಗಳಿಗೂ ಬಾಲ ಯೇಸುವಿನ ಶಾಂತಿ ದೊರೆಯಲಿ.